ಗಾಳಿಯ ಬಾಯಿಗೆ ಹಳೇ ಸೀರೆ

ನಿಂತ ಜಾಗ

ಹೋದ ವರ್ಷ ಫೆಬ್ರವರಿಯ ಎರಡನೇ ಶನಿವಾರ, ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಸ್ವೀಡನ್ ದೇಶದ ಗೋಥೆನ್‌ಬರ್ಗ್ ಊರಿನ ಒಂದು ಕಟ್ಟಡದ ನಾಲ್ಕನೇ ಮಹಡಿ. ಅಲ್ಲಿ ನನ್ನ ತಂಗಿ ರತ್ನಳ ಮಗಳು ಸ್ವಾತಿಯ ಮನೆ. ಆ ಮನೆಯ ಬಾಣಂತಿ ಕೋಣೆ. ಅದರ ಬಾಗಿಲನ್ನು ಅರ್ಧ ತಳ್ಳಿ ನಾನು ನಿಂತಿದ್ದೆ. ಎಡಗಾಲು ಕೋಣೆಯ ಒಳಗಿತ್ತು, ಬಲಗಾಲು ಹೊರಗಿತ್ತು. ಮೈಮೇಲೆ ಇನ್ನೂ ದಪ್ಪ ಕೋಟು ಇತ್ತು. ಕೋಣೆಯಲ್ಲಿ ಮೂವರಿದ್ದರು: ರತ್ನ, ಸ್ವಾತಿ, ಮತ್ತು ಹುಟ್ಟಿ ಮೂರು ವಾರವಾಗಿದ್ದ ಹೆಣ್ಣು ಮಗು. ಮೂವರೂ ನಿದ್ದೆಯಲ್ಲಿದ್ದಾರೆ ಎಂದು ಮೊದಲು ಅಂದುಕೊಂಡೆ.

ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ನಾನು ಸರ್ವೆ ಇಲಾಖೆಯಲ್ಲಿದ್ದು ನಿವೃತ್ತನಾದವನು. ಗಡಿ ತಕರಾರಿನ ಸಾಕ್ಷಿ ಹೇಳಲು ತೀರ್ಥಹಳ್ಳಿ, ಹೊಸನಗರ, ಸಾಗರ, ಮೂರೂ ಊರಿನ ಕೋರ್ಟಿನ ಮೆಟ್ಟಿಲು ನನಗೆ ಗೊತ್ತು. ವಕೀಲರು ಮೊದಲು ಕೇಳುವುದು 'ಏನು ಕಂಡಿರಿ' ಎಂದಲ್ಲ, 'ಎಲ್ಲಿ ನಿಂತಿದ್ದಿರಿ' ಎಂದು. ನಮ್ಮ ಊರುಗಳಲ್ಲಿ ಈಗ ಈ ಸಂಗತಿಯನ್ನು ಹೇಳುತ್ತಿರುವವರು ಯಾರೂ ಎಲ್ಲಿಯೂ ನಿಂತಿರಲಿಲ್ಲ. ನಾವು ವಿಮಾನ ಇಳಿಯುವ ಮೊದಲೇ ಕಥೆ ಇಳಿದಿತ್ತು. ಹೊಸನಗರದಲ್ಲಿ ಸಿಲಿಂಡರ್ ಸಿಡಿದಿತ್ತು. ತೀರ್ಥಹಳ್ಳಿಯಲ್ಲಿ ಕರೆಂಟು ಹೋಗಿ ಬಾಗಿಲು ತಾನಾಗಿ ಬೀಗ ಹಾಕಿಕೊಂಡಿತ್ತು. ಸಾಗರದವರು ಹೆಚ್ಚು ಓದಿದವರು. ಅಲ್ಲಿ ಮನೆಗೆ ಗಾಳಿ ಕೊಡುವ ಯಂತ್ರವೇ ಕೆಟ್ಟು, ಅದರಿಂದ ವಿಷ ಬಂದಿತ್ತು.

ಸಿಲಿಂಡರ್ ಆ ಮನೆಯಲ್ಲಿ ಇಲ್ಲ. ಕರೆಂಟು ಹೋಗಲಿಲ್ಲ. ಯಂತ್ರ ಕೆಡಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹಾಲುಮಡ್ಡಿಯ ವಿಚಾರಣೆ

ಬಾಣಂತನ ಮಾಡಲು ಹೊರಟವಳು ರತ್ನ. ಒಬ್ಬಳೇ ವಿಮಾನ ಹತ್ತಲಾರೆ ಎಂದಿದ್ದರಿಂದ ಜೊತೆಗೆ ಹೊರಟವನು ನಾನು. ಹೆಂಡತಿ ಇಲ್ಲದ, ಕೆಲಸ ಇಲ್ಲದ, ಇಂಗ್ಲಿಷು ಅಲ್ಪಸ್ವಲ್ಪ ಇರುವ ಅಣ್ಣನನ್ನು ಇಂಥ ಹೊತ್ತಿಗಾಗಿಯೇ ಇಟ್ಟುಕೊಂಡಿರುತ್ತಾರೆ.

ರತ್ನಳ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಬೇರೆಯದೇ ಹೆಚ್ಚು. ಬಾಣಂತಿ ಲೇಹ್ಯ, ಒಂದು ಕರಿ ಕಂಬಳಿ, ಮೆತ್ತಗಾದ ಹಳೇ ಹತ್ತಿ ಸೀರೆಗಳು, ಮತ್ತು ಒಂದು ಡಬ್ಬಿ ತುಂಬ ಹಾಲುಮಡ್ಡಿ. ಕೆಂಡದ ಮೇಲೆ ಹಾಕಿದರೆ ಪರಿಮಳದ ಹೊಗೆ ಏಳುವ ಆ ಮರದ ಅಂಟನ್ನು ಗೋಥೆನ್‌ಬರ್ಗಿನ ವಿಮಾನ ನಿಲ್ದಾಣದಲ್ಲಿ ನಾಯಿಯೊಂದು ಪತ್ತೆ ಮಾಡಿತು.

"ಇದೇನು?" ಎಂದ ಸಮವಸ್ತ್ರದವನು.

ನನ್ನ ಕಚೇರಿ ಇಂಗ್ಲಿಷಿನಲ್ಲಿ, ಮರದ ಹಾಲು ಎಂದೆ.

"ಕುಡಿಯುತ್ತೀರಾ?"

"ಇಲ್ಲ. ಸುಡುತ್ತೇವೆ."

"ಯಾತಕ್ಕೆ?"

"ಮಗುವಿಗೆ."

ಆತ ಡಬ್ಬಿಯನ್ನು ಇನ್ನೊಮ್ಮೆ ನಾಯಿಯ ಮೂಗಿಗೆ ಹಿಡಿದ. ರತ್ನ ಪಕ್ಕದಿಂದ, "ಎಂತ ಅಣ್ಣಯ್ಯ, ಧೂಪ ಕಂಡಿಲ್ವಾ ಇವ? ದೇವ್ರಿಗಾದ್ರೂ ಹಾಕಲ್ವಾ ಇವ್ರು?" ಎಂದಳು. ನಾನು ಅದನ್ನು ಅನುವಾದ ಮಾಡಲಿಲ್ಲ. ನಾಯಿ ಎರಡು ಸಲ ಸೀನಿತು. ಅದು ಸೀನಿದ್ದಕ್ಕೋ ಏನೋ, ಬಿಟ್ಟರು. ತಡೆದಿದ್ದರೆ ಚೆನ್ನಾಗಿತ್ತು ಎಂದು ಈಗ ಹೇಳುವವರಿದ್ದಾರೆ. ಅವರಿಗೆ ಹೇಳುತ್ತೇನೆ: ಆ ಶನಿವಾರ ಕೆಂಡಕ್ಕೆ ಹಾಲುಮಡ್ಡಿ ಹಾಕಿರಲೇ ಇಲ್ಲ.

ಸೌದೆ ಯಾರು

ಸ್ವಾತಿ ಎಂಜಿನಿಯರು. ಕಟ್ಟಡಗಳನ್ನು ಬೆಚ್ಚಗೆ, ತಣ್ಣಗೆ ಇಡುವುದು ಹೇಗೆ, ಒಳಗಿನವರಿಗೆ ಗಾಳಿ ಕೊಡುವುದು ಹೇಗೆ, ಅದನ್ನೆಲ್ಲ ಆದಷ್ಟು ಕಡಿಮೆ ಇಂಧನದಲ್ಲಿ ಮಾಡುವುದು ಹೇಗೆ ಎಂದು ನಕ್ಷೆ ಬರೆಯುವುದು ಅವಳ ಕೆಲಸ. ಅವಳು ಇರುವ ಕಟ್ಟಡದ ಗಾಳಿಯ ನಕ್ಷೆಯೂ ಅವಳದ್ದೇ. ತಾನೇ ಮಾಡಿದ ಅಡುಗೆಯನ್ನು ತಾನೇ ಉಣ್ಣುವ ಧೈರ್ಯ ನಮ್ಮೂರ ಎಂಜಿನಿಯರುಗಳಲ್ಲಿ ನಾನು ಕಂಡಿಲ್ಲ. ಅವರು ಕಟ್ಟಿಸಿದ ಸರ್ಕಾರಿ ವಸತಿಗೃಹದಲ್ಲಿ ಅವರು ಒಂದು ರಾತ್ರಿ ಮಲಗುವುದಿಲ್ಲ.

ಅವಳ ಗಂಡ ಪ್ರಸನ್ನ ಸಾಗರದ ಕಡೆಯವನು. ಅಲ್ಲಿ ಟ್ರ್ಯಾಮ್ ಓಡಿಸುತ್ತಾನೆ. ಊರಲ್ಲಿ ಅವನ ಮನೆಯವರು 'ಸಾರಿಗೆ ಇಲಾಖೆ' ಎನ್ನುತ್ತಾರೆ.

ಬಂದ ದಿನವೇ ಸ್ವಾತಿ ಮನೆ ತೋರಿಸಿದಳು. ಅವಳು ಆಗ ತುಂಬಿದ ಬಸುರಿ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಗೋಡೆಯ ಮೇಲೆ.

"ಈ ಗೋಡೆ ಇಷ್ಟು ದಪ್ಪ ಇದೆಯಲ್ಲ ಮಾವ, ಒಳಗೆ ಪೂರಾ ಉಣ್ಣೆ ತರದ್ದು ತುಂಬಿದ್ದು. ಕಿಟಕಿಗೆ ಮೂರು ಪದರ ಗಾಜು. ಎಲ್ಲೂ ಒಂಚೂರು ಗಾಳಿ ಸೋರಲ್ಲ. ಹೀಟರು ಹೆಸರಿಗೆ ಮಾತ್ರ. ನಮ್ಮ ಮೈ ಬಿಸಿ, ಅಡುಗೆ ಬಿಸಿ, ಬಿಸಿಲು ಬಂದ್ರೆ ಅದು, ಅಷ್ಟೇ ಸಾಕು ಮನೆ ಬೆಚ್ಚಗಿರಕ್ಕೆ."

"ಅಂದ್ರೆ ನಾವೇ ಸೌದೆ ಅನ್ನು."

"ಹಂಗೇ ಅನ್ಕಳಿ."

"ನೆಂಟ್ರು ಹೆಚ್ಚಾದ್ರೆ ಮನೆಗೆ ಜ್ವರ ಬರುತ್ತಾ?"

"ಬರುತ್ತೆ. ನೀವಿಬ್ರು ಬಂದು ಅರ್ಧ ಡಿಗ್ರಿ ಏರಿದೆ," ಎಂದು ನಕ್ಕಳು.

ಗಾಳಿ ಸೋರದ ಮನೆಯಲ್ಲಿ ಉಸಿರಿಗೇನು ಗತಿ ಎಂದು ಕೇಳಿದೆ. ಬಚ್ಚಲ ಪಕ್ಕದ ಬೀರು ತೆಗೆದಳು. ಒಳಗೆ ಒಂದು ಬಿಳಿ ಪೆಟ್ಟಿಗೆ ಸಣ್ಣಗೆ ಗುಂಯ್‌ಗುಡುತ್ತಿತ್ತು. ಅಡುಗೆಮನೆಯಿಂದ, ಬಚ್ಚಲಿನಿಂದ ಹಳೇ ಗಾಳಿಯನ್ನು ಅದು ಎಳೆದು ಹೊರಗೆ ಬಿಡುತ್ತದೆ. ಹೊರಗಿನ ಹೊಸ ಗಾಳಿಯನ್ನು ತಂದು ಮಲಗುವ ಕೋಣೆಗಳಿಗೆ ಬಿಡುತ್ತದೆ. ಎರಡೂ ಪೆಟ್ಟಿಗೆಯೊಳಗೆ ಹತ್ತಿರದಿಂದ ಹಾದುಹೋಗುತ್ತವೆ, ಬೆರೆಯುವುದಿಲ್ಲ. ಹೋಗುವುದರ ಬಿಸಿ ಬರುವುದಕ್ಕೆ ದಾಟುತ್ತದೆ. ಹೋಗುವವನ ಕಂಬಳಿ ಬಾಗಿಲಲ್ಲೇ ಬಿಚ್ಚಿಸಿಕೊಂಡು ಬರುವವನಿಗೆ ಹೊದೆಸಿದ ಹಾಗೆ. ಊರಿಗೆಲ್ಲ ಒಂದೇ ಕಂಬಳಿ. ಇಷ್ಟು ಜಿಪುಣತನವನ್ನು ನಾನು ನಮ್ಮ ಇಲಾಖೆಯಲ್ಲೂ ಕಂಡಿರಲಿಲ್ಲ.

ಮಲಗುವ ಕೋಣೆಯ ಗೋಡೆಯಲ್ಲಿ, ಮಂಚದ ತಲೆದೆಸೆಗೆ, ತಟ್ಟೆಯಷ್ಟು ಅಗಲದ ಒಂದು ಬಿಳಿ ಬಿಲ್ಲೆ ಇತ್ತು. ಹೊಸ ಗಾಳಿ ಬರುವುದು ಅದರ ಸುತ್ತಲಿನ ಸಂದಿನಿಂದ. ಕೋಣೆಯ ಬಾಗಿಲ ಕೆಳಗೆ ಎರಡು ಬೆರಳು ಹೋಗುವಷ್ಟು ಎಡೆ ಇತ್ತು. ನಮ್ಮೂರ ಬಡಗಿ ಇಷ್ಟು ಎಡೆ ಬಿಟ್ಟಿದ್ದರೆ ಬಾಗಿಲು ವಾಪಸು ಹೊತ್ತುಕೊಂಡು ಹೋಗು ಎನ್ನುತ್ತಿದ್ದೆವು. "ಅದು ಬೇಕಂತಲೇ ಬಿಟ್ಟಿದ್ದು ಮಾವ. ಕೋಣೆಗೆ ಬಂದ ಗಾಳಿ ಹೊರಗೆ ಹೋಗ್ಬೇಕಲ್ಲ," ಎಂದಳು. ಬಡಗಿಯ ತಪ್ಪನ್ನು ಮುಚ್ಚಿಕೊಳ್ಳುವುದರಲ್ಲಿ ಎಂಜಿನಿಯರುಗಳು ಎಲ್ಲ ದೇಶದಲ್ಲೂ ಒಂದೇ ಎಂದುಕೊಂಡೆ. ಆ ರಾತ್ರಿಯೇ ಊರಿಗೆ ಫೋನು ಮಾಡಿ, ಇಲ್ಲಿ ಕಿಟಕಿ ತೆರೆಯುವುದಿಲ್ಲ, ಜನ ಪೆಟ್ಟಿಗೆಯ ಉಸಿರಾಡುತ್ತಾರೆ, ಮನೆಯಲ್ಲ ಇದು ಬಿಗಿ ಮುಚ್ಚಳದ ಡಬ್ಬಿ ಎಂದು ಸಾರಿದೆ. ಎಲ್ಲರೂ ಸಂತೋಷಪಟ್ಟರು.

ನ್ಯಾಯವಾಗಿ ಹೇಳಬೇಕೆಂದರೆ ನಮ್ಮವರ ಡಬ್ಬಿ ಇನ್ನೂ ಚೆಂದ. ಹಿಂದೊಮ್ಮೆ ಸ್ವಾತಿ ಊರಿಗೆ ಬಂದಾಗ ಸಾಗರದಲ್ಲಿ ಅವಳ ಗಂಡನ ದೊಡ್ಡಪ್ಪ ಪೇಟೆಯೊಳಗೆ ಮೂರು ಮಹಡಿ ಎಬ್ಬಿಸುತ್ತಿದ್ದರು. ಪಡುವಣಕ್ಕೆ ಗಾಜು ಬೇಡ, ಸೂರು ಮುಂದಕ್ಕೆ ಚಾಚಿ, ಬಿಸಿಗಾಳಿ ಮೇಲಕ್ಕೆ ಹೋಗಲು ಕಿಂಡಿ ಬಿಡಿ ಎಂದು ಇವಳು ಹೇಳಿದಳು. ಫಾರಿನ್ನಿನಲ್ಲಿ ಓದಿ ಬಂದು ಅಜ್ಜನ ಮನೆ ಕಟ್ಟಿ ಅಂತಾಳಲ್ಲ ಎಂದು ನಕ್ಕು, ಪಡುವಣಕ್ಕೇ ನೀಲಿ ಗಾಜು ಹಾಕಿಸಿದರು. ಈಗ ಬೇಸಿಗೆಯ ಮಧ್ಯಾಹ್ನ ಅದರೊಳಗೆ ಹಪ್ಪಳ ಒಣಗಿಸಬಹುದು. ಒಣಗದ ಹಾಗೆ ನೋಡಿಕೊಳ್ಳಲು ಮಹಡಿಗೆ ನಾಲ್ಕರಂತೆ ಎಸಿ. ನಮ್ಮ ಅಜ್ಜನ ಗದ್ದೆ ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಅಡಿ ಇದೆ. ಆ ನೀರಿನ ಕರೆಂಟು ಈಗ ಆ ಕಟ್ಟಡದ ಚಪ್ಪಲಿ ಅಂಗಡಿಯನ್ನು ತಣ್ಣಗೆ ಇಡುತ್ತಿದೆ.

ಪಕ್ಕದ ಬಾಲ್ಕನಿ

ಮಗು ಹುಟ್ಟಿ ಮನೆಗೆ ಬಂದ ಮೇಲೆ ರತ್ನ ಅಧಿಕಾರ ವಹಿಸಿಕೊಂಡಳು. ಬಾಣಂತಿ ಕೋಣೆಯಲ್ಲಿ ಎಂಜಿನಿಯರು ಇಲ್ಲ, ಅಮ್ಮನ ಮಗಳು ಮಾತ್ರ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಹಳೇ ಸೀರೆಯ ಬಿಗಿತ. ಹಂಡೆಗಟ್ಟಲೆ ಬಿಸಿನೀರಿನ ಸ್ನಾನ. ಹಂಡೆ ಅಲ್ಲಿಲ್ಲವಾದ್ದರಿಂದ ಮನೆಯ ಬಿಸಿನೀರಿನ ತೊಟ್ಟಿಯನ್ನೇ ಬರಿದು ಮಾಡುತ್ತಿದ್ದಳು. ಬೆಳಗಿನ ಪಾಳಿಯ ಪ್ರಸನ್ನ ತಣ್ಣೀರು ಮಿಂದು, ಹಲ್ಲು ಕಟಕಟಿಸುತ್ತ ಟ್ರ್ಯಾಮಿಗೆ ಹೋಗುತ್ತಿದ್ದ. "ಅತ್ತೆ, ನಂಗೆ ಒಂದು ಚೊಂಬು ಉಳಿಸಿ," ಎಂದರೆ, "ನೀನೇನು ಹೆತ್ತಿದೀಯನಾ?" ಎನ್ನುತ್ತಿದ್ದಳು.

ಒಗ್ಗರಣೆಗೆ ಒಣಮೆಣಸು ಬಿದ್ದ ಮೊದಲ ದಿನ ಚಾವಣಿಯ ಹೊಗೆ ಗಂಟೆ ಕಿವಿ ಹರಿಯುವಂತೆ ಕೂಗಿತು. ಮೂರನೆಯ ದಿನ ಪ್ರಸನ್ನ ಸ್ಟೂಲು ಹತ್ತಿ, ಹೋಟೆಲಿನಲ್ಲಿ ಸ್ನಾನಕ್ಕೆ ಕೊಡುವ ಪ್ಲಾಸ್ಟಿಕ್ ಟೋಪಿಯನ್ನು ಅದಕ್ಕೆ ತೊಡಿಸಿದ. ಅದಾದ ಮೇಲೆ ಸಾರು ಶಾಂತವಾಗಿ ಆಗುತ್ತಿತ್ತು.

ಪಕ್ಕದ ಮನೆಯಲ್ಲಿ ಮಾರ್ಗರೇತಾ ಎಂಬ ಮುದುಕಿ. ಬಿಳಿ ಕೂದಲು, ಗಂಡಸಿನ ಬೂಟು. ಹಗಲು ಹೊತ್ತು ಮೊಮ್ಮಗನನ್ನು ನೋಡಿಕೊಳ್ಳುತ್ತಿದ್ದಳು. ಎರಡು ಮನೆಯ ಬಾಲ್ಕನಿಗಳ ನಡುವೆ ಎದೆಯೆತ್ತರದ ಒಂದು ತಡೆ ಅಷ್ಟೆ. ಒಂದು ಮಧ್ಯಾಹ್ನ ರತ್ನ ಬಟ್ಟೆ ಒಣಗಿಸಬಹುದೇ ನೋಡಲು ಬಾಲ್ಕನಿಗೆ ಹೋದವಳು ಓಡಿ ಬಂದಳು.

"ಅಣ್ಣಯ್ಯ, ಆ ಮುದುಕಿ ಮಗೂನ ಹೊರಗೆ ಇಟ್ಟಿದಾಳೆ."

ಹೋಗಿ ನೋಡಿದೆ. ಹಿಮ ಬಿದ್ದ ಬಾಲ್ಕನಿಯಲ್ಲಿ ತಳ್ಳುಗಾಡಿ. ಅದರೊಳಗೆ ಮೂಗು ಮಾತ್ರ ಕಾಣುವಂತೆ ಸುತ್ತಿದ ಕೂಸು ನಿದ್ದೆ ಮಾಡುತ್ತಿತ್ತು. ಅಲ್ಲಿಯವರು ಮಕ್ಕಳನ್ನು ಹಗಲು ಹೀಗೇ ಮಲಗಿಸುತ್ತಾರೆ, ಹೊರಗಿನ ಗಾಳಿ ಒಳ್ಳೆಯದು ಎನ್ನುತ್ತಾರೆ ಎಂದು ಸ್ವಾತಿ ಹೇಳಿದಳು.

"ಹಿಂಗಾದ್ರೆ ಮನೆ ಯಾಕೆ ಕಟ್ಟಿದ್ರಂತೆ ಅಷ್ಟು ದಪ್ಪಕ್ಕೆ?" ಎಂದಳು ರತ್ನ. ಮನೆಯನ್ನು ಕಂಬಳಿ ಹೊದಿಸಿ ಕೂರಿಸಿ, ಮಗುವನ್ನು ಹಿಮದಲ್ಲಿ ಇಡುವ ಜನ. ನಾವಿಬ್ಬರೂ ಅಂದು ಸಂಜೆಯವರೆಗೆ ಅದನ್ನೇ ಆಡಿಕೊಂಡು ನಕ್ಕೆವು.

ಇದ್ದಿಲು

ರತ್ನಳಿಗೆ ಇದ್ದ ಒಂದೇ ಕೊರತೆ ಅಗ್ಗಿಷ್ಟಿಕೆ. ನಮ್ಮಲ್ಲಿ ಬಾಣಂತಿಯ ಮಂಚದ ಹತ್ತಿರ ಕೆಂಡ ಇಡುವುದು ಲಾಗಾಯ್ತಿನಿಂದ ಇದೆ. ಸ್ನಾನವಾದ ಮೇಲೆ ತಾಯಿ, ಮಗು ಅದರ ಕಾವಿನಲ್ಲಿ ಮಲಗುತ್ತಾರೆ. ಸ್ವಾತಿಯ ಕೋಣೆಗೆ ಚಳಿ ಎಂದು ರತ್ನ ಹೇಳುತ್ತಿದ್ದಳು. ತಲೆಯ ಮೇಲಿನ ಬಿಲ್ಲೆಯಿಂದ ತಣ್ಣಗೆ ಬೀಳುತ್ತದೆ, ಬಾಣಂತಿ ನೆತ್ತಿಗೆ ಗಾಳಿ ತಾಗಬಾರದು ಎನ್ನುತ್ತಿದ್ದಳು. ಗೋಡೆಯ ಮಾಪಕ ಇಪ್ಪತ್ತೊಂದು ತೋರಿಸುತ್ತಿತ್ತು. ರತ್ನ ಮಾಪಕವನ್ನು ನಂಬುವವಳಲ್ಲ.

ಪ್ರಸನ್ನ ಕೊನೆಗೆ ಒಂದು ಚೀಲ ಇದ್ದಿಲು ತಂದ. ಅಲ್ಲಿಯವರು ಮಾಂಸ ಸುಡಲು ಬಳಸುವುದು. ಸ್ವಾತಿ ಕೂಡದು ಎಂದಳು. ಆ ಮಾತನ್ನು ನಾನು ಅಡುಗೆಮನೆಯ ಮೇಜಿನ ಬಳಿ ಕೂತು ಕೇಳಿದ್ದೇನೆ.

"ಅಮ್ಮ, ಈ ಮನೇಲಿ ಕೆಂಡ ಇಡೋ ಹಂಗಿಲ್ಲ. ಉಸಿರಿಗೆ ಕೆಟ್ಟದ್ದು."

"ನಿನ್ನ ಹೆತ್ತಾಗ ನಲವತ್ತು ದಿನ ಇಟ್ಟಿದ್ರು. ಸತ್ತೆನಾ ನಾನು? ನೀ ಸತ್ತೆಯಾ?"

"ಅದು ಹಂಚಿನ ಮನೆ ಅಮ್ಮ. ಹಂಚಿನ ಸಂದೀಲಿ ಎಲ್ಲ ಹೋಗ್ತಿತ್ತು. ಇದು ಸೋರಲ್ಲ."

"ಸೋರೋದು ಒಳ್ಳೇದು ಅಂತೀಯ ಈಗ? ಮತ್ತೆ ಸೋರದ ಮನೆ ಕಟ್ಟಕ್ಕೆ ಯಾಕೆ ಸಂಬಳ ತಗಂತೀಯ?"

ನಾನು ನಕ್ಕೆ. ಸ್ವಾತಿಯೂ ನಕ್ಕಳು. ನಕ್ಕ ಮೇಲೆ ಸೋತಳು. ಮೂರು ಮಾತು ಮಾಡಿಕೊಂಡರು: ಕೋಣೆಯ ಬಾಗಿಲು ಪೂರ್ತಿ ತೆರೆದಿರಬೇಕು, ಬಿಲ್ಲೆಯನ್ನು ಮುಟ್ಟಬಾರದು, ಸ್ವಾತಿ ಎಚ್ಚರವಿದ್ದಾಗ ಮಾತ್ರ ಸ್ವಲ್ಪ ಹೊತ್ತು ಇಟ್ಟು ಆಮೇಲೆ ಕೆಂಡವನ್ನು ಬಾಲ್ಕನಿಗೆ ಒಯ್ಯಬೇಕು. ವಿದ್ಯುತ್ ಒಲೆಯ ಮೇಲೆ ಇದ್ದಿಲು ಹೊತ್ತಲಿಲ್ಲ. ರತ್ನ ಬಾಲ್ಕನಿಯಲ್ಲಿ ಕಬ್ಬಿಣದ ಬಾಣಲೆಯಲ್ಲಿ ಹೊತ್ತಿಸಿ, ಹೊಗೆ ಪೂರಾ ಹೋಗಿ ಕೆಂಪಾದ ಮೇಲೆ ಒಳಗೆ ತರುತ್ತಿದ್ದಳು. ಹೊಗೆ ಹೋದ ಮೇಲೆ ಅಪಾಯವಿಲ್ಲ ಎಂಬುದು ಅವಳ ತಿಳಿವು. ನನ್ನದೂ ಅದೇ ಆಗಿತ್ತು. ಕೆಲವು ದಿನ ಹೀಗೇ ನಡೆಯಿತು, ಏನೂ ಆಗಲಿಲ್ಲ.

ಶನಿವಾರ

ಹಿಂದಿನ ರಾತ್ರಿಯಿಡೀ ಮಗು ಅತ್ತು ಯಾರಿಗೂ ನಿದ್ದೆಯಿರಲಿಲ್ಲ. ಪ್ರಸನ್ನ ಮಧ್ಯಾಹ್ನದ ಪಾಳಿಗೆ ಹೋದ. ಊಟವಾದ ಮೇಲೆ ನಾನು ನದಿಯ ದಿಕ್ಕಿಗೆ ತಿರುಗಾಡಲು ಹೋದೆ. ಜಾರುವ ಹಿಮದಲ್ಲಿ ಆ ಊರಿನ ಜನ ತಮ್ಮ ನಾಯಿಗಳಿಗೂ ಅಂಗಿ ಹಾಕಿ ನಡೆಸುವುದನ್ನು ನೋಡಿ, ಅಣಕಿಸಲು ಮನಸ್ಸಿನಲ್ಲಿ ಇಟ್ಟುಕೊಂಡು ಹಿಂದಿರುಗಿದೆ.

ಮನೆಯಲ್ಲಿ ಸದ್ದಿರಲಿಲ್ಲ. ಕೋಣೆಯ ಬಾಗಿಲು ಮುಚ್ಚಿತ್ತು. ಅದು ಮುಚ್ಚಿರಬಾರದಿತ್ತು. ತಳ್ಳಿದರೆ ಸುಲಭಕ್ಕೆ ಬರಲಿಲ್ಲ. ಕೆಳಗೆ ಏನೋ ಮೆತ್ತಗೆ ತಡೆಯುತ್ತಿತ್ತು. ಭುಜ ಕೊಟ್ಟು ತಳ್ಳಿದೆ. ತಡೆದದ್ದು ಕರಿ ಕಂಬಳಿ. ಸುರುಳಿ ಸುತ್ತಿ ಬಾಗಿಲ ಬುಡದ ಎಡೆಗೆ ಇಟ್ಟಿತ್ತು.

ಆಗ ನಾನು ಕಂಡದ್ದು ಇಷ್ಟು. ಮಂಚದ ಮೇಲೆ ಸ್ವಾತಿ ಮಗ್ಗುಲಾಗಿ ಮಲಗಿದ್ದಳು, ಅವಳ ತೋಳಿನ ಪಕ್ಕ ಮಗು. ಮಂಚದ ಕೆಳಗೆ ಬಾಣಲೆ, ಅದರಲ್ಲಿ ಕೆಂಡ, ಮೇಲೆ ತೆಳ್ಳಗೆ ಬೂದಿ. ಹೊಗೆ ಇಲ್ಲ. ವಾಸನೆ ಇಲ್ಲ. ಗೋಡೆಗೆ ಒರಗಿ ನೆಲದ ಮೇಲೆ ರತ್ನ, ತಲೆ ಎದೆಗೆ ಬಾಗಿತ್ತು. ತಲೆದೆಸೆಯ ಬಿಲ್ಲೆಯ ಸುತ್ತ ಬಿಳಿ ಬಟ್ಟೆ ತುರುಕಿತ್ತು. ಹಳೇ ಸೀರೆಯ ಚೂರು. ಗೋಡೆಯೂ ಬಿಳಿ, ಬಿಲ್ಲೆಯೂ ಬಿಳಿ. ಹತ್ತಿರ ಹೋಗದೆ ತಿಳಿಯುವಂತಿರಲಿಲ್ಲ.

"ರತ್ನ," ಎಂದೆ. ಅಲುಗಲಿಲ್ಲ. ಇನ್ನೊಮ್ಮೆ ಜೋರಾಗಿ ಕರೆದೆ.

ಕಣ್ಣು ತೆರೆದವಳು ಸ್ವಾತಿ. ಏಳಲು ಹೋದಳು, ಕೈ ಹಿಡಿತ ಕೊಡಲಿಲ್ಲ. ನನ್ನನ್ನು ನೋಡಲಿಲ್ಲ, ಬಿಲ್ಲೆಯನ್ನು ನೋಡಿದಳು, ಆಮೇಲೆ ಬಾಗಿಲನ್ನು ನೋಡಿದಳು. ನಾಲಿಗೆ ದಪ್ಪಗಾದವರ ಹಾಗೆ ಹೇಳಿದಳು.

"ಮಾವ. ಕೆಂಡ. ಮಗು ತಗಂಡು ಹೊರಗೆ ಹೋಗಿ."

ಮೊದಲು ಕಿಟಕಿಗೆ ಹೋದೆ. ಹಿಡಿ ತಿರುಗಲಿಲ್ಲ. ಅದರ ಬುಡದಲ್ಲಿ ಮಕ್ಕಳು ತೆರೆಯದಿರಲೆಂದು ಒಂದು ಸಣ್ಣ ಗುಂಡಿ ಇದೆ. ಅದನ್ನು ಒತ್ತಿ ತಿರುಗಿಸಿದರೆ ಆ ಕಿಟಕಿ ಬಾಗಿಲಿನಷ್ಟು ಅಗಲಕ್ಕೆ ತೆರೆಯುತ್ತದೆ. ಅದನ್ನು ನಾನು ತಿಳಿದದ್ದು ಎರಡು ದಿನ ಕಳೆದ ಮೇಲೆ.

ಮಗುವನ್ನು ಎತ್ತಿದೆ. ಅದರ ಕೈ ಎತ್ತಿ ಬಿಟ್ಟೆ. ಕೈ ಬಿದ್ದಿತು. ಬಾಲ್ಕನಿಗೆ ಓಡಿದೆ. ಹೊರಗಿನ ಗಾಳಿ ಮುಖಕ್ಕೆ ಬಡಿದಾಗ ನನ್ನ ತಲೆಯೂ ಸುತ್ತುತ್ತಿದೆ ಎಂದು ಗೊತ್ತಾಯಿತು. ತಡೆಯ ಆಚೆ ಮಾರ್ಗರೇತಾ ತನ್ನ ಮೊಮ್ಮಗನ ಹೊದಿಕೆ ಸರಿಮಾಡುತ್ತಿದ್ದಳು. ನಾನು ಕೂಗಿದ್ದು ಕನ್ನಡದಲ್ಲಿ. ಅವಳು ಕೇಳಿದ್ದು ಅವಳ ಭಾಷೆಯಲ್ಲಿ. ಆಮೇಲೆ ಅವಳು ಎರಡೂ ಕೈ ಚಾಚಿದಳು. ಕೆಳಗೆ ನಾಲ್ಕು ಮಹಡಿಯ ಆಳ. ನಾನು ತಡೆಯ ಮೇಲಿಂದ ಮಗುವನ್ನು ಕೊಟ್ಟೆ.

ಅವಳು ಮಗುವಿನ ಮೂಗಿಗೆ ತನ್ನ ಕೆನ್ನೆ ಹಿಡಿದು ನಿಂತಳು. ಆ ಹೊತ್ತು ಎಷ್ಟೆಂದು ನಾನು ಹೇಳಲಾರೆ. ಆಮೇಲೆ ತಲೆ ಆಡಿಸಿ, ಮಗುವನ್ನು ತಳ್ಳುಗಾಡಿಯಲ್ಲಿ, ಹಿಮದ ನಡುವೆ, ತನ್ನ ಮೊಮ್ಮಗನ ಪಕ್ಕದಲ್ಲಿ ಮುಖ ತೆರೆದು ಮಲಗಿಸಿದಳು. ಜೇಬಿನಿಂದ ಫೋನು ತೆಗೆದು ಮಾತಾಡುತ್ತಲೇ ಒಳಗೆ ಹೋದಳು.

ನಾನು ಹಿಂದಕ್ಕೆ ಬಂದಾಗ ಸ್ವಾತಿ ಮಂಚದಿಂದ ಬಿದ್ದು ತೆವಳುತ್ತಿದ್ದಳು, ಬಾಗಿಲ ಕಡೆಗಲ್ಲ, ಅಮ್ಮನ ಕಡೆಗೆ. ಅವಳನ್ನು ಎಳೆದು ಹಜಾರಕ್ಕೆ ತಂದೆ. ಕರೆಗಂಟೆ ಸದ್ದಾಯಿತು, ಬಾಗಿಲು ತೆಗೆದರೆ ಮಾರ್ಗರೇತಾ. ರತ್ನ ಭಾರದ ಹೆಂಗಸು. ಇಬ್ಬರು ಮುದುಕರು ಸೇರಿ, ಒಬ್ಬರು ಒಂದೊಂದು ತೋಳು ಹಿಡಿದು, ಅವಳನ್ನು ಬಾಲ್ಕನಿಯವರೆಗೆ ಎಳೆದೆವು. ದಾರಿಯಲ್ಲಿ ರತ್ನ ವಾಂತಿ ಮಾಡಿದಳು. ಬದುಕಿದ್ದಾಳೆ ಎಂದು ನನಗೆ ತಿಳಿದದ್ದು ಹಾಗೆ. ಮಾರ್ಗರೇತಾ ಕೈಗೆ ಬಟ್ಟೆ ಸುತ್ತಿಕೊಂಡು ಬಾಣಲೆಯನ್ನು ಹೊರಗೆ ತಂದು ಹಿಮದಲ್ಲಿ ಇಟ್ಟಳು. ಅದು ಚುಂಯ್ ಎಂದಿತು. ಅಷ್ಟರಲ್ಲಿ ತಡೆಯ ಆಚೆಯಿಂದ ಮಗು ಅಳುವುದು ಕೇಳಿಸಿತು. ಎರಡು ಮಕ್ಕಳಲ್ಲಿ ಯಾವುದು ಎಂದು ಗೊತ್ತಾಗಲಿಲ್ಲ. ಮಾರ್ಗರೇತಾ ಇಣುಕಿ ನೋಡಿ, ನನ್ನ ಕೋಟಿನ ಎದೆಗೆ ಬೆರಳು ಮುಟ್ಟಿಸಿದಳು. ನಿಮ್ಮದು ಎಂದು.

ಆಸ್ಪತ್ರೆ

ಮೂವರಿಗೂ ಆಮ್ಲಜನಕ ಕೊಟ್ಟರು. ಮಗುವಿಗೆ ಗುಬ್ಬಿಗೆ ಮಾಡಿಸಿದಂಥ ಮುಖವಾಡ. ಕ್ಷಮಿಸಿ, ಅದನ್ನು ಹೆಚ್ಚು ವಿವರಿಸಲಾರೆ. ಕೆಂಡ ಸಾಕಷ್ಟು ಗಾಳಿ ಸಿಗದೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ ಎಂದು ವೈದ್ಯರು ಹೇಳಿದರು. ಹೊಗೆ ಗಂಟೆಗೆ ಟೋಪಿ ತೊಡಿಸಿದ್ದರಿಂದ ಹೀಗಾಯಿತು ಎಂದು ಪ್ರಸನ್ನ ಗೋಡೆಗೆ ಹಣೆ ಕೊಟ್ಟು ನಿಂತಿದ್ದ. ಆ ಗಂಟೆ ಹೊಗೆಯನ್ನು ಹಿಡಿಯುವುದು, ಇದನ್ನಲ್ಲ. ಟೋಪಿ ಇಲ್ಲದಿದ್ದರೂ ಅಂದು ಅದು ಸುಮ್ಮನೇ ಇರುತ್ತಿತ್ತು. ಟೋಪಿಯ ಕಥೆ ಹೇಳುವವರು ಇದನ್ನೂ ಸೇರಿಸಿ ಹೇಳಲಿ.

ಅಗ್ನಿಶಾಮಕದವನೊಬ್ಬ ಇಂಗ್ಲಿಷಿನಲ್ಲಿ ಕೇಳಿದ: ಕೆಂಡ ಇಟ್ಟವರು ಯಾರು?

ರತ್ನಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಸ್ವಾತಿ ಮುಖವಾಡ ಸರಿಸಿ, ಅವರ ಭಾಷೆಯಲ್ಲಿ ಎರಡು ಮಾತು ಹೇಳಿದಳು. ಅವನು ಅವಳ ಕೆಲಸ ಏನು ಎಂದು ಕೇಳಿದ. ಅದನ್ನೂ ಹೇಳಿದಳು. ಅವನು ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ ಬರೆದ.

"ಎಂತ ಅಂದಿ?" ಎಂದು ನಾನು ಕೇಳಿದೆ.

"ನಾನೇ ಇಟ್ಟೆ ಅಂದೆ."

"ನಿನ್ನ ಆಫೀಸಿಗೆ ಹೋಗಲ್ವಾ ಇದು?"

"ಹೋಗುತ್ತೆ."

ಹೋಯಿತು. ಸ್ವಂತ ಕಟ್ಟಡದಲ್ಲಿ, ತಾನೇ ನಕ್ಷೆ ಬರೆದ ಗಾಳಿಯ ದಾರಿಗೆ ಬಟ್ಟೆ ತುರುಕಿ ಕೆಂಡ ಇಟ್ಟುಕೊಂಡ ಎಂಜಿನಿಯರು ಎಂದು ಅವಳ ಜೊತೆಯವರು ಊಟದ ಮೇಜಿನಲ್ಲಿ ಆಡಿಕೊಂಡರಂತೆ. ನಾಗರಿಕ ಜನ, ಜೋರಾಗಿ ನಗುವುದಿಲ್ಲ, ಕಾಫಿ ಲೋಟ ನೋಡಿಕೊಂಡು ನಗುತ್ತಾರೆ. ಕಟ್ಟಡದ ಸಂಘದವರು ಲಿಫ್ಟಿನಲ್ಲಿ ನಾಲ್ಕು ಭಾಷೆಯ ನೋಟೀಸು ಹಚ್ಚಿದರು, ಮನೆಯೊಳಗೆ ಇದ್ದಿಲು ಕೂಡದು ಎಂದು. ಓದಲು ಬಾರದವರಿಗೆ ಚಿತ್ರವೂ ಇತ್ತು. ಚಿತ್ರದಲ್ಲಿ ಕೆಂಡದ ಮೇಲೆ ಕೋಳಿಯ ಕಾಲು ಬೇಯುತ್ತಿತ್ತು. ಹೆತ್ತ ಮಗಳಿಗೆ ಚಳಿಯಾದೀತೆಂದು ಒಬ್ಬಳು ಕೆಂಡ ಇಟ್ಟಾಳು ಎಂಬುದು ಆ ಸಂಘದ ಯಾರ ತಲೆಗೂ ಹೊಳೆದಿರಲಿಲ್ಲ.

ಮನೆಗೆ ಬಂದ ಮೇಲೆ ಸ್ವಾತಿ ಬಿಲ್ಲೆಯ ಬಟ್ಟೆಯನ್ನು ತಾನೇ ಎಳೆದು ತೆಗೆದಳು. ರತ್ನ ಬಾಗಿಲಲ್ಲಿ ನಿಂತಿದ್ದಳು.

"ನೀ ನಿದ್ದೆ ಮಾಡ್ತಿದ್ದಿ ಮಗಾ. ಆ ಗಾಳಿ ನಿನ್ನ ನೆತ್ತಿ ಮೇಲೇ ಬೀಳ್ತಿತ್ತು. ಎಬ್ಬಿಸಕ್ಕೆ ಮನಸಾಗಲಿಲ್ಲ."

ಸ್ವಾತಿ ಮಂಚದ ಮೇಲೆ ಮಲಗಿ, ಮುಖದ ಮೇಲೆ ಅಂಗೈ ಹಿಡಿದು ನೋಡಿದಳು.

"ಬೀಳ್ತಿದೆ ಅಮ್ಮ," ಎಂದಳು. "ಮಂಚ ಎಲ್ಲಿ ಇಡ್ತಾರೆ ಅಂತ ಕೇಳದೆ ಇಲ್ಲಿ ಇಟ್ಟೆ ಇದನ್ನ. ಗಾಳಿ ಎಷ್ಟು ಅಂತ ಲೆಕ್ಕ ಮಾಡಿದ್ದೆ. ಯಾರ ಮೈ ಮೇಲೆ ಅಂತ ಮಾಡಲಿಲ್ಲ."

ಈಗ ಅವಳು ಬರೆಯುವ ನಕ್ಷೆಗಳಲ್ಲಿ ಮಂಚವನ್ನೂ ಬರೆಯುತ್ತಾಳಂತೆ, ಅದರ ಮೇಲೆ ಮಲಗಿದ ಒಬ್ಬ ಮನುಷ್ಯನನ್ನೂ. ಅವಳ ಜೊತೆಯವರು ಅದಕ್ಕೂ ಕಾಫಿ ಲೋಟ ನೋಡಿಕೊಳ್ಳುತ್ತಾರೋ ಏನೋ.

ಹೊಸನಗರ

ಊರಿಗೆ ಬಂದ ಮೇಲೆ ಎಲ್ಲರೂ ಕೇಳಿದ್ದು ಒಂದೇ: ಆ ಮನೆ ಎಂಥ ಅಪಾಯ ಅಲ್ಲವಾ? ನಮ್ಮ ಮನೆಗಳೇ ಒಳ್ಳೇದು ಅಲ್ಲವಾ? ಎಸಿ ಮಾರುವ ಒಬ್ಬ ಗುತ್ತಿಗೆದಾರ ಇದನ್ನು ಗಿರಾಕಿಗಳಿಗೆ ಹೇಳುತ್ತ ತಿರುಗುತ್ತಿದ್ದಾನೆ. "ಕರೆಂಟು ಉಳಿಸ್ತೀವಿ ಅಂತ ಹೋದ್ರೆ ಹಿಂಗೇ ಆಗೋದು ಸಾರ್. ಎಸಿ ಹಾಕ್ಸಿ, ತಲೆಬಿಸಿ ಇಲ್ಲ," ಎಂದು ನನಗೇ ಹೇಳಿದ, ನಾನು ಯಾರೆಂದು ತಿಳಿಯದೆ. ಅವನು ಮಾರುವ ಪೆಟ್ಟಿಗೆ ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಣ್ಣಗೆ ಮಾಡಿ ಕೊಡುತ್ತದೆ; ಹೊರಗಿನದನ್ನು ತರುವುದಿಲ್ಲ. ಅದನ್ನು ಅವನಿಗೆ ಹೇಳಿದೆ. "ಸಾರ್ ಎಂಜಿನಿಯರಾ?" ಎಂದ. ಅಲ್ಲ ಎಂದೆ. "ಮತ್ತೆ ಬಿಡಿ," ಎಂದ.

ಮಳೆಗಾಲದ ಕೊನೆಗೆ ಹೊಸನಗರದ ನೆಂಟರ ಹೊಸ ಮನೆಗೆ ಮಗು ನೋಡಲು ರತ್ನ ಮತ್ತು ನಾನು ಹೋದೆವು. ಆರ್‌ಸಿಸಿ ಮನೆ. ಸರಿಯುವ ಗಾಜಿನ ಕಿಟಕಿ, ಸೊಳ್ಳೆ ಬರುತ್ತದೆಂದು ಭದ್ರವಾಗಿ ಮುಚ್ಚಿದ್ದು. ಮೇಲೊಂದು ಎಸಿ, ಬಾಣಂತಿ ಇರುವುದರಿಂದ ಆರಿಸಿದ್ದು. ಹಂಚಿಲ್ಲ, ಸಂದಿಲ್ಲ. ಗೋಥೆನ್‌ಬರ್ಗಿನ ಮನೆಗೆ ಗಾಳಿ ತರುವ ಪೆಟ್ಟಿಗೆಯಾದರೂ ಇತ್ತು. ಇಲ್ಲಿ ಅದೂ ಇಲ್ಲ. ಮಂಚದ ಕೆಳಗೆ ಹೊಳೆಯುವ ಸ್ಟೀಲು ತಟ್ಟೆಯಲ್ಲಿ ಕೆಂಡ. ಬಾಗಿಲು ಮುಚ್ಚಿಕೊಂಡು ಹೆಂಗಸರು ನಗುತ್ತ ಕೂತಿದ್ದರು.

ನಾನು ಬಾಯಿ ತೆರೆಯುವ ಮೊದಲೇ ರತ್ನ ಒಳಗೆ ಹೋಗಿ ಕಿಟಕಿ ಸರಿಸಿದಳು. ಬಾಗಿ ತಟ್ಟೆಯನ್ನು ಎತ್ತಿ, ಸೆರಗಿನಲ್ಲಿ ಹಿಡಿದು, ಅಂಗಳಕ್ಕೆ ಒಯ್ದು ನೀರು ಸುರಿದಳು. ಬಾಣಂತಿಯ ಅತ್ತೆ, "ರತ್ನಕ್ಕ, ಇದೆಂತ ಅಪಶಕುನ? ಫಾರಿನ್ನಿಗೆ ಹೋಗಿ ಬಂದ್ರೆ ತಲೆ ಮೇಲೆ ಕೋಡು ಬರುತ್ತಾ?" ಎಂದರು.

ರತ್ನ ಸೆರಗು ಒದ್ದೆ ಮಾಡಿಕೊಂಡು ನಿಂತಿದ್ದಳು. ತಾನು ಏನು ಮಾಡಿದ್ದೆ ಎಂದು ಅಲ್ಲಿ ಎಲ್ಲರ ಎದುರು ಹೇಳಿದಳು, ನನಗಿಂತ ಚಿಕ್ಕದಾಗಿ. ಆ ಅತ್ತೆ, "ಅದು ಅಲ್ಲಿಯ ಇದ್ದಿಲು ಸರಿ ಇರಲಿಲ್ಲ ಅನ್ಸುತ್ತೆ," ಎಂದರು.

ಹಿಂದಿರುಗುವ ಬಸ್ಸಿನಲ್ಲಿ ರತ್ನ ಹೇಳಿದಳು: "ಬರಿ ಅಣ್ಣಯ್ಯ. ನನ್ನ ಹೆಸರು ಹಾಕೇ ಬರಿ. ಅವಳು ಇಟ್ಟದ್ದಲ್ಲ, ನಾನು ಇಟ್ಟದ್ದು ಅಂತ ಬರಿ."

ಬರೆದಿದ್ದೇನೆ. ಕಂಡವರಲ್ಲಿ ಮಾರ್ಗರೇತಾ ಹೋದ ಚಳಿಗಾಲ ತೀರಿಕೊಂಡಳು. ನನ್ನ ತಂಗಿ ರತ್ನ ಇದ್ದಾಳೆ, ತೀರ್ಥಹಳ್ಳಿಯಲ್ಲಿ. ಅವಳ ಮಗಳು ಸ್ವಾತಿ ಇದ್ದಾಳೆ, ಅದೇ ನಾಲ್ಕನೇ ಮಹಡಿಯಲ್ಲಿ. ಇನ್ನೊಬ್ಬಳೂ ಆ ಕೋಣೆಯಲ್ಲಿದ್ದಳು. ಅವಳು ಕಂಡಳು ಎಂದು ನಾನು ಹೇಳಲಾರೆ. ನಾನು ಎತ್ತಿಕೊಂಡಾಗ ಅವಳ ಕಣ್ಣು ಮುಚ್ಚಿತ್ತು. ಅಂದು ಅವಳಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಈಗ ಅವನಿ ಎಂದು ಕರೆಯುತ್ತಾರೆ. ಇದ್ದಾಳೆ.